ಪುಟದ ಕೆಳಗಿನ ಹೆಸರುಗಳು

ಮೆಹರಕ್ಕಾ,

ಶಾಲೆಯಲ್ಲಿ ಎಲ್ಲರ ಎದುರಿಗೆ ನಿನ್ನನ್ನು ‘ನೀವು’ ಅನ್ನುತ್ತಿದ್ದೆ. ಬಸ್ಸು ಹತ್ತಿದ ಕೂಡಲೇ ‘ನೀ’ ಅನ್ನುತ್ತಿದ್ದೆ. ಈ ಪತ್ರವನ್ನು ಬಸ್ಸಿನ ಸಲುಗೆಯಲ್ಲೇ ಬರೆಯುತ್ತಿದ್ದೇನೆ. ನೀನು ಹೋಗಿ ನಾಲ್ಕನೆಯ ವರ್ಷ ನಡೆಯುತ್ತಿದೆ. ಇಷ್ಟು ದಿನ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ಕೇಳುತ್ತೀಯಲ್ಲವೇ? ಮಾಡಿದ್ದನ್ನು ಊರಿಗೆಲ್ಲ ಹೇಳಿಯಾಯಿತು. ಯಾರಿಗೆ ಮೊದಲು ಹೇಳಬೇಕಿತ್ತೋ ಅವಳಿಗೇ ಹೇಳಿಲ್ಲ.

ರೋಣದಿಂದ ಹೊರಡುತ್ತಿದ್ದ ಎಂಟೂವರೆಯ ಬಸ್ಸು ನೆನಪಾಗುತ್ತದೆ. ನಿನಗೆ ಕಿಟಕಿ, ನನಗೆ ಪಕ್ಕದ ಸೀಟು. ಬಸ್ಸು ಊರು ದಾಟಿ ಕಡಲೆ ಹೊಲಗಳ ನಡುವೆ ಬಂದ ಮೇಲೆ ನೀನು ಚೀಲದಿಂದ ಆ ಉದ್ದನೆಯ ನೋಟ್‌ಬುಕ್ಕು ತೆಗೆಯುತ್ತಿದ್ದೆ. ಕುಣಿಯುವ ಬಸ್ಸಿನಲ್ಲಿ ಗ್ರಾಫ್ ಹಾಳೆಯ ಪುಟ್ಟ ಚೌಕಗಳಿಗೆ ಒಂದು ಚೂರೂ ಹೊರಗೆ ಹೋಗದಂತೆ ಬಣ್ಣ ತುಂಬುವುದು ನಿನಗೆ ಹೇಗೆ ಸಾಧ್ಯವಾಗುತ್ತಿತ್ತೋ. ನೇಕಾರರ ಮನೆಯ ಕೈ ಎಂದು ನಾನು ಅನ್ನುತ್ತಿದ್ದೆ. ಗಜೇಂದ್ರಗಡದಲ್ಲಿ ನಿಮ್ಮ ಅಬ್ಬಾನ ಮಗ್ಗದ ಕೆಳಗೆ ಆಡಿ ಬೆಳೆದವಳು ನೀನು. ಗಣಿತದಲ್ಲಿ ಪದವಿ ಪಡೆದು ಟೀಚರಾದರೂ ನಿನ್ನ ಲೆಕ್ಕ ಶುರುವಾಗುತ್ತಿದ್ದದ್ದು ಎಳೆಗಳಿಂದಲೇ.

ಒಂಬತ್ತನೆಯ ತರಗತಿಯವರಿಗೆ ಸಮಮಿತಿ ಅರ್ಥವಾಗದೆ ನೀನು ಸೋತು ಕೂತಿದ್ದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾನು ಪಕ್ಕದ ಕೋಣೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ಇದ್ದಕ್ಕಿದ್ದಂತೆ ನಿನ್ನ ತರಗತಿಯಿಂದ ಮಕ್ಕಳ ಗದ್ದಲ ಕೇಳಿತು. ಬಂದು ನೋಡಿದರೆ ನೀನು ನಿನ್ನ ಸೀರೆಯ ಸೆರಗು ಬಿಡಿಸಿ ಬೆಂಚಿನ ಮೇಲೆ ಹರಡಿದ್ದೆ. ದಡಿಯಂಚಿನ ಬುಟ್ಟಾದ ನಡುವೆ ಒಂದು ಸ್ಕೇಲು ಇಟ್ಟು, ಎಡಕ್ಕೆ ಎಷ್ಟು ಎಳೆ, ಬಲಕ್ಕೆ ಎಷ್ಟು ಎಳೆ ಎಂದು ಎಣಿಸಲು ಹೇಳಿದ್ದೆ. ಆ ಸಂಜೆ ಬಸ್ಸಿನಲ್ಲೇ ನೋಟ್‌ಬುಕ್ಕಿನ ಮೊದಲ ಪುಟ ತಯಾರಾಯಿತು. ಮೇಲೆ ‘ದಡಿ ಲೆಕ್ಕ’ ಎಂದು ದಪ್ಪಕ್ಷರದಲ್ಲಿ ಬರೆದೆ. ಒಂದು, ಮೂರು, ಐದು, ಏಳು ಎಂದು ಮೆಟ್ಟಿಲಾಗಿ ಇಳಿಯುವ ಬುಟ್ಟಾದಲ್ಲಿ ಒಟ್ಟು ಚೌಕಗಳು ಹದಿನಾರೇ ಯಾಕೆ? ಇನ್ನೊಂದು ಸಾಲು ಸೇರಿಸಿದರೆ ಇಪ್ಪತ್ತೈದೇ ಯಾಕೆ? ಹೀಗೆ ಒಂದೊಂದೇ ಪಾಠ ಬೆಳೆದು ಆರು ವರ್ಷದಲ್ಲಿ ಆ ನೋಟ್‌ಬುಕ್ಕು ತುಂಬಿತು.

ಪ್ರತಿ ಪುಟದ ಕೆಳಗೆ ನೀನು ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆಯುತ್ತಿದ್ದೆ. ‘ಹೇಳಿದವರು: ಅಬ್ಬಾ.’ ‘ಹೇಳಿದವರು: ಯಾವಗಲ್ ಗಂಗವ್ವ, ಕೌದಿ ಹೊಲಿಯುವಾಕೆ.’ ‘ಹೇಳಿದವರು: ನರೇಗಲ್ ಸಂತೆಯ ಬಳೆಗಾರ.’ ಒಂದು ಪುಟದಲ್ಲಿ, ಬಸ್ಸಿನ ಗಾಲಿ ಮತ್ತು ಪರಿಧಿಯ ಪಾಠದ ಕೆಳಗೆ, ‘ಹೇಳಿದವರು: ಶಿವಲೀಲಾ, ರೋಣ ಬಸ್ಸಿನಲ್ಲಿ’ ಎಂದೂ ಇತ್ತು. ನಾನು ನಕ್ಕಿದ್ದೆ. ಇಷ್ಟಕ್ಕೆಲ್ಲ ಹೆಸರು ಬರೆಯುತ್ತಾರೇನಕ್ಕ ಎಂದು ಕೇಳಿದ್ದೆ. ನೀನು ಬಣ್ಣ ತುಂಬುತ್ತಲೇ ಹೇಳಿದ್ದೆ:

“ನಾ ಒಬ್ಬಾಕಿನ ಕಂಡುಹಿಡದೀನೇನ ಇದನ್ನ? ಕೇಳೇನಿ. ಕೇಳಿದ ಮ್ಯಾಲ ಯಾರ ಹೇಳಿದ್ರು ಅಂತ ಬರದ ಇಡಬೇಕಲ್ಲ.”

ನಿನಗೆ ಯಾವ ತರಬೇತಿಯೂ ಆಗಿರಲಿಲ್ಲ. ಮೂಲ ನಮೂದಿಸಬೇಕು ಎಂದು ಯಾರೂ ಸುತ್ತೋಲೆ ಕಳಿಸಿರಲಿಲ್ಲ. ಆದರೂ ನೀನು…

ಗದಗಿನ ದವಾಖಾನೆಯಲ್ಲಿ ನಿನ್ನನ್ನು ಕೊನೆಯ ಸಲ ನೋಡಿದ ಮಧ್ಯಾಹ್ನ. ನಿನ್ನ ತಮ್ಮ ದಸ್ತಗೀರ ಹೊರಗೆ ಔಷಧಿ ತರಲು ಹೋಗಿದ್ದ. ನೀನು ತಲೆದಿಂಬಿನ ಪಕ್ಕದ ಚೀಲ ತೋರಿಸಿದೆ. ನೋಟ್‌ಬುಕ್ಕು ಅದರಲ್ಲಿತ್ತು. ಹುಡುಗರಿಗೆ ಇದನ್ನು ಹೇಳಿಕೊಡು, ಮಧ್ಯೆ ಬಿಡಬೇಡ ಎಂದೆ. ಅಷ್ಟೇ. ಯಾರ ಹೆಸರಿನಲ್ಲಿ ಎಂಬ ಮಾತು ಬರಲಿಲ್ಲ. ಬರುವ ಕಾರಣವಾದರೂ ಏನಿತ್ತು? ಹೆಸರುಗಳು ಪುಟದ ಮೇಲೇ ಇದ್ದವಲ್ಲ. ಹನ್ನೊಂದು ದಿನಕ್ಕೆ ನೀನು ಹೋದೆ. ನಿನ್ನ ಗಣಿತದ ತರಗತಿಗಳೂ ನನ್ನ ಪಾಲಿಗೆ ಬಂದವು. ನಿನ್ನ ನೋಟ್‌ಬುಕ್ಕು ಹಿಡಿದೇ ಪಾಠ ಮಾಡಿದೆ. ಮಕ್ಕಳು ಕಲಿತರು. ಅಲ್ಲಿಯವರೆಗೆ ನಾನು ತಪ್ಪು ಮಾಡಿರಲಿಲ್ಲ, ಅಕ್ಕಾ.

ಹೆಡ್‌ಮಾಸ್ತರರು ನನ್ನನ್ನು ಕರೆದು ಒಂದು ಅರ್ಜಿ ಮುಂದಿಟ್ಟದ್ದು ಮರುವರ್ಷ. ಶಿಕ್ಷಕರು ತಾವೇ ತಯಾರಿಸಿದ ಕಲಿಕಾ ಪುಸ್ತಿಕೆಗಳನ್ನು ಕಳಿಸಬೇಕು, ಆಯ್ಕೆಯಾದದ್ದನ್ನು ಅಚ್ಚು ಹಾಕಿಸಿ ಸುತ್ತಲಿನ ಶಾಲೆಗಳಿಗೆ ಹಂಚುತ್ತಾರೆ ಎಂದರು. ನಾನು ನಿನ್ನ ನೋಟ್‌ಬುಕ್ಕಿನ ಮಾತು ತೆಗೆದೆ. ಅವರು ಖುಷಿಪಟ್ಟರು. ಅರ್ಜಿಯ ಕೊನೆಗೆ ‘ಇದು ನನ್ನ ಸ್ವಂತ ಕೃತಿ’ ಎಂಬ ಸಾಲು, ಅದರ ಕೆಳಗೆ ಸಹಿಗೆ ಜಾಗ. ನಾನು ತಡವರಿಸಿದಾಗ ಅವರು ಹೇಳಿದರು:

“ತೀರಿಕೊಂಡವರು ಸಹಿ ಮಾಡಾಕ ಬರ್ತಾರೇನ್ರಿ? ನಿಮ್ಮ ಹೆಸರಿಲೆ ಹೋಗ್ಲಿ. ಹುಡುಗರಿಗೆ ಮುಟ್ಟೂದು ಮುಖ್ಯ ಅಲ್ಲೇನು?”

ಹೆಡ್‌ಮಾಸ್ತರರ ಮೇಲೆ ಹಾಕಿ ನಾನು ಪಾರಾಗಬಹುದು. ಆದರೆ ನಿನ್ನೆದುರು ಸುಳ್ಳು ಹೇಳಿ ಏನು ಮಾಡಲಿ? ಅವರು ಹೇಳಿದ ಮಾತು ನನಗೆ ಬೇಕಾಗಿತ್ತು. ಹದಿನಾಲ್ಕು ವರ್ಷ ಪಾಠ ಮಾಡಿದ್ದರೂ ನನ್ನದು ಎಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಮನೆಯಲ್ಲಿ ಕೂತು ಟೈಪ್ ಮಾಡುವಾಗ ಮೊದಲ ಪುಟದ ಕೆಳಗೆ ‘ಹೇಳಿದವರು: ಅಬ್ಬಾ’ ಎಂದು ಹೊಡೆದೆ. ಅದನ್ನು ಇಟ್ಟರೆ ಯಾವ ಅಬ್ಬಾ, ಯಾರ ಅಬ್ಬಾ ಎಂದು ಯಾರಾದರೂ ಕೇಳುತ್ತಾರಲ್ಲ ಅನ್ನಿಸಿತು. ಅಳಿಸಿದೆ. ಒಂದನ್ನು ಅಳಿಸಿದ ಮೇಲೆ ಉಳಿದವು ಕಷ್ಟವಾಗಲಿಲ್ಲ. ಬಸ್ಸಿನ ಗಾಲಿಯ ಪುಟದ ಕೆಳಗಿದ್ದ ನನ್ನ ಹೆಸರನ್ನೂ ಅಳಿಸಿದೆ. ಇಡೀ ಪುಸ್ತಕವೇ ನನ್ನದಾದ ಮೇಲೆ ಒಂದು ಪುಟ ಯಾಕೆ? ‘ದಡಿ ಲೆಕ್ಕ’ ಎಂಬ ಹೆಸರು ತೀರ ಆಡುಮಾತಾಯಿತು ಎಂದುಕೊಂಡು ‘ಅಂಚಿನಿಂದ ಗಣಿತಕ್ಕೆ’ ಎಂದು ಬದಲಿಸಿದೆ. ಸಹಿ ಮಾಡಿದೆ.

ಪುಸ್ತಿಕೆ ಆಯ್ಕೆಯಾಗಿ ಅಚ್ಚಾಯಿತು. ರೋಣದಲ್ಲಿ ಶಾಲು ಹೊದಿಸಿದ ದಿನ ನಿನ್ನ ಹೆಸರು ಹೇಳಬೇಕೆಂದು ಮನೆಯಿಂದಲೇ ಸಿದ್ಧವಾಗಿ ಹೋಗಿದ್ದೆ. ಮಾತಾಡಲು ಎರಡು ನಿಮಿಷ ಕೊಟ್ಟರು. ‘ನನಗೆ ಪ್ರೇರಣೆಯಾದ ಹಿರಿಯ ಸಹೋದ್ಯೋಗಿಗಳಿಗೆ ನಮಸ್ಕಾರ’ ಎಂದೆ. ಹೆಸರು ಬಾಯಿಗೆ ಬರಲಿಲ್ಲ. ಹಿರಿಯ ಸಹೋದ್ಯೋಗಿಗಳು! ಆರು ವರ್ಷ ಒಂದೇ ಸೀಟಿನಲ್ಲಿ ಕೂತವಳಿಗೆ ನಾನು ಕೊಟ್ಟ ಹೆಸರು ಅದು.

ಈ ವರ್ಷ ಮಕ್ಕಳ ಪ್ರಾಜೆಕ್ಟ್ ಹಾಳೆಗಳನ್ನು ತಿದ್ದುತ್ತಿದ್ದ ಒಂದು ಮಧ್ಯಾಹ್ನ ನಗುವೂ ಸಿಟ್ಟೂ ಒಟ್ಟಿಗೇ ಬಂದವು. ಮಣ್ಣಿನ ಬಗ್ಗೆ ಬರೆಯಲು ಹೇಳಿದ್ದೆ. ಒಂಬತ್ತು ಮಕ್ಕಳ ಹಾಳೆಯಲ್ಲಿ ‘ನಮ್ಮ ಜಿಲ್ಲೆಯ ಕೆಂಪು ಮಣ್ಣಿನಲ್ಲಿ ಕಾಫಿ ಸಮೃದ್ಧವಾಗಿ ಬೆಳೆಯುತ್ತದೆ’ ಎಂದಿತ್ತು. ಕಿಟಕಿಯ ಹೊರಗೆ ನೋಡಿದರೆ ಕಣ್ಣು ಹರಿಯುವವರೆಗೆ ಕಪ್ಪು ಎರೆಭೂಮಿ. ಎಲ್ಲರೂ ಒಂದೇ ಫೋನಿನಿಂದ ಇಳಿಸಿಕೊಂಡಿದ್ದರು. ಈಗ ಪ್ರಶ್ನೆ ಕೇಳಿದರೆ ಫೋನೇ ಪೂರಾ ಉತ್ತರ ಬರೆದುಕೊಡುತ್ತದೆ, ಅಕ್ಕಾ. ನೀನಿದ್ದಾಗ ಇದು ಇರಲಿಲ್ಲ. ಎಲ್ಲ ಶಾಲೆಗಳಲ್ಲೂ ಇದೇ ಗೋಳು ಇತ್ತೋ ಏನೋ, ಕೃತಿಸ್ವಾಮ್ಯ ಮತ್ತು ಮೂಲ ನಮೂದಿಸುವುದನ್ನು ಮಕ್ಕಳಿಗೆ ಕಲಿಸಬೇಕು ಎಂದು ಇಲಾಖೆಯ ಕಚೇರಿಯಿಂದ ಪತ್ರ ಬಂತು. ಪ್ರತಿ ಶಾಲೆಯಿಂದ ಒಬ್ಬರು ತರಬೇತಿಗೆ ಹೋಗಬೇಕಿತ್ತು. ಹೆಡ್‌ಮಾಸ್ತರರು ಹಿಂದೆ ಮುಂದೆ ನೋಡಲಿಲ್ಲ. ಪುಸ್ತಕ ಬರೆದವರು ನೀವೊಬ್ಬರೇ ಅಲ್ಲವೇ ಎಂದು ನನ್ನ ಹೆಸರನ್ನೇ ಕಳಿಸಿದರು.

ನರಗುಂದದ ಆ ತರಬೇತಿಯಲ್ಲಿ ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಹೇಳಲು ಬಂದವರು ನಡುವಯಸ್ಸಿನ ವಕೀಲರು. ವಿಚಾರ ಯಾರ ಸ್ವತ್ತೂ ಅಲ್ಲ ಎಂದು ಅವರು ಶುರು ಮಾಡಿದಾಗ ಎದೆ ಒಂಚೂರು ಹಗುರಾಯಿತು. ಲೆಕ್ಕ ಯಾರಪ್ಪನದು ಎಂದುಕೊಂಡೆ. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಆ ವಿಚಾರವನ್ನು ಬರೆದ ಮಾತು, ಹಾಕಿದ ಚಿತ್ರ, ಜೋಡಿಸಿದ ಕ್ರಮ ಬರೆದವರಿಗೆ ಸೇರಿದ್ದು. ಬರೆದವರು ತೀರಿಕೊಂಡರೂ ಹಕ್ಕು ಹೋಗುವುದಿಲ್ಲ, ಅರವತ್ತು ವರ್ಷ ಅವರ ವಾರಸುದಾರರಿಗೆ ಇರುತ್ತದೆ. ಇನ್ನು ವಿಚಾರಕ್ಕೆ ಕಾನೂನಿನ ಬೇಲಿ ಇಲ್ಲದಿದ್ದರೂ ಎಲ್ಲಿಂದ ಬಂತು ಎಂದು ಹೇಳುವುದು ಓದು ಬರಹ ಬಲ್ಲವರ ಕರ್ತವ್ಯ. ಅಕ್ಕಪಕ್ಕದವರು ಬರೆದುಕೊಳ್ಳುತ್ತಿದ್ದರು. ನಾನೂ ಬರೆದುಕೊಂಡೆ. ‘ವಾರಸುದಾರರಿಗೆ’ ಎಂಬ ಪದದ ಮೇಲೆ ಪೆನ್ನು ನಿಂತಿತು. ಊಟದ ಹೊತ್ತಿನಲ್ಲಿ ಒಬ್ಬ ಟೀಚರ್ ಬಂದು ತಮ್ಮ ಮಕ್ಕಳಿಗೆ ನನ್ನ ಪುಸ್ತಕ ಬಹಳ ಹಿಡಿಸಿದೆ ಎಂದು ಕೈ ಹಿಡಿದರು.

ತರಗತಿಯಲ್ಲಿ ಆ ಪಾಠ ಮಾಡಿದ ದಿನ ಮಾತ್ರ, ನಿಜ ಹೇಳುತ್ತೇನೆ, ಚೆನ್ನಾಗಿಯೇ ಮಾಡಿದೆ. ಕಾಫಿಯ ಸಾಲನ್ನು ಬೋರ್ಡಿನ ಮೇಲೆ ಬರೆದು, ಇದನ್ನು ಯಾರು ಹೇಳಿದರು, ಅವರು ಯಾವ ಊರಿನ ಮಣ್ಣು ನೋಡಿ ಹೇಳಿದರು ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ನಿಜವೋ ಸುಳ್ಳೋ ಎಂದು ಯಾರನ್ನು ಕೇಳುತ್ತೀರಿ ಎಂದೆ. ಮೂಲ ಬರೆಯುವುದು ಯಾಕೆ ಎಂದು ಅಲ್ಲಿಗೇ ಅರ್ಧ ತಿಳಿಯಿತು. ಪ್ರಶ್ನೆಗಳು ಬಂದವು. ಗೈಡ್ ನೋಡಿ ಬರೆದರೆ? ಫೋಟೊ ತೆಗೆದವರ ಹೆಸರು ಕೆಳಗೆ ಬರೆದರೆ ಸಾಕೇ, ಅವರನ್ನು ಕೇಳಲೂಬೇಕೇ? ಹೆಸರು ಹೇಳುವುದು ಬೇರೆ, ಒಪ್ಪಿಗೆ ಕೇಳುವುದು ಬೇರೆ, ಕೆಲವು ಸಲ ಎರಡೂ ಬೇಕು ಎಂದು ವಿವರಿಸಿದೆ. ಕೊನೆಗೆ ಒಂದು ಕೆಲಸ ಕೊಟ್ಟೆ. ನಿಮಗೆ ಇಷ್ಟವಾದ ಒಂದು ಪಾಠವನ್ನೋ ಕತೆಯನ್ನೋ ಹಿಡಿದು, ಅದು ನಿಮ್ಮವರೆಗೆ ಯಾರಿಂದ ಯಾರಿಗೆ ದಾಟಿ ಬಂತು ಎಂದು ಹುಡುಕಿಕೊಂಡು ಬನ್ನಿ. ಆ ಕೆಲಸ ಕೊಡುವಾಗ ನನಗೆ ಯಾಕೆ ಹೊಳೆಯಲಿಲ್ಲ? ಎರಡು ವರ್ಷದಲ್ಲಿ ಆ ಪುಸ್ತಕ ನಾನೇ ಬರೆದದ್ದು ಎಂದು ನನಗೂ ಅನ್ನಿಸತೊಡಗಿತ್ತೇ?

ರೇಣುಕಾ ತನ್ನ ಹಾಳೆ ಹಿಡಿದು ಮೇಜಿನ ಹತ್ತಿರ ಬಂದ ಗಳಿಗೆಯನ್ನು ಹೇಗೆ ಬರೆಯಲಿ? ಒಂಬತ್ತನೆಯ ತರಗತಿಯ ಹುಡುಗಿ, ಯಾವಗಲ್‌ನಿಂದ ಬರುತ್ತಾಳೆ. ಮಾತು ಕಡಿಮೆ. ಅವಳು ಆರಿಸಿಕೊಂಡದ್ದು ನಮ್ಮ ಪುಸ್ತಿಕೆಯ ಚೌಕದ ಪಾಠ. ಚೌಕ ಬಟ್ಟೆಯ ನಾಲ್ಕೂ ಮೂಲೆಗಳನ್ನು ನಡುವಿಗೆ ಮಡಚಿದರೆ ಕ್ಷೇತ್ರ ಸರಿಯಾಗಿ ಅರ್ಧವಾಗುತ್ತದೆ, ಬದಿ ಮಾತ್ರ ಅರ್ಧವಾಗುವುದಿಲ್ಲ ಎಂಬ ಪಾಠ. ಹಾಳೆಯ ಮೇಲೆ ಬಾಣದ ಗುರುತು ಹಾಕಿ ಮೂರು ಹೆಸರು ಬರೆದಿದ್ದಳು. ಗಂಗವ್ವ, ಮೆಹರುನ್ನೀಸಾ ಟೀಚರ್, ಶಿವಲೀಲಾ ಟೀಚರ್.

“ಟೀಚರ್, ನಮ್ಮಜ್ಜಿ ಕೌದಿಗೆ ಹಿಂಗ ಮಡಚತಾಳ್ರಿ. ತಾನ ಮೆಹರ್ ಟೀಚರಿಗೆ ತೋರಿಸೇನಿ ಅಂದ್ಲು. ಬುಕ್ಕಿನ್ಯಾಗ ನಿಮ್ಮ ಹೆಸರಷ್ಟ ಐತಿ. ಮೂಲ ಅಂತ ಯಾರ ಹೆಸರ ಹಾಕಲ್ರಿ?”

ಅವಳಿಗೆ ನನ್ನನ್ನು ಸಿಕ್ಕಿಸುವ ಯಾವ ಉದ್ದೇಶವೂ ಇರಲಿಲ್ಲ. ಹೇಳಿಕೊಟ್ಟಂತೆ ಮಾಡಿದ್ದಳು, ತಿಳಿಯದೆ ಕೇಳಿದ್ದಳು. ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. ನಾನು ಹೇಳಿದ್ದು ಇದು:

“ಬುಕ್ಕಿನ್ಯಾಗ ಏನ ಅಚ್ಚಾಗೇತಿ ಅದನ್ನಷ್ಟ ಬರಿ. ಮನ್ಯಾಗ ಹೇಳಿದ್ದೆಲ್ಲಾ ಮೂಲ ಆಗೂದಿಲ್ಲ.”

ಅವಳು ಹೋಗಿ ಕೂತು ಅಜ್ಜಿಯ ಹೆಸರನ್ನು ರಬ್ಬರಿನಿಂದ ತಿಕ್ಕಿದಳು. ಪೆನ್ನಿನಲ್ಲಿ ಬರೆದದ್ದು, ಹೋಗಲಿಲ್ಲ. ಹಾಳೆ ತೂತಾಯಿತು. ಹೊಸ ಹಾಳೆಯ ಮೇಲೆ ನನ್ನ ಹೆಸರೊಂದನ್ನೇ ಬರೆದು ತಂದಳು. ನಾನು ಹತ್ತಕ್ಕೆ ಹತ್ತು ಕೊಟ್ಟೆ. ಅಕ್ಕಾ, ಅರ್ಜಿಗೆ ಸಹಿ ಮಾಡಿದ್ದಕ್ಕಿಂತ ಆ ಹತ್ತು ಅಂಕ ನನ್ನನ್ನು ಹೆಚ್ಚು ಸುಡುತ್ತದೆ. ಸರಿ ಬರೆದವಳಿಂದ ತಪ್ಪು ಬರೆಸಿ, ತಪ್ಪಿಗೆ ಪೂರ್ಣ ಅಂಕ ಕೊಟ್ಟ ಟೀಚರ್ ನಾನು.

ಗಂಗವ್ವ ಶಾಲೆಗೆ ಬಂದದ್ದು ನಾಲ್ಕು ದಿನ ಬಿಟ್ಟು. ಯಾರದೋ ಟ್ರ್ಯಾಕ್ಟರಿನಲ್ಲಿ ಬಂದು ಇಳಿದು, ಗೇಟಿನ ಒಳಗೆ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ನಾನು ಉತ್ತರ ಜೋಡಿಸಿಕೊಂಡೇ ಹೋದೆ. ಅವಳು ಸೆರಗು ಹೊದ್ದು, ತಗ್ಗಿದ ದನಿಯಲ್ಲಿ ಮಾತಾಡಿದಳು.

“ಅಕ್ಕಾರ, ನಾ ತಪ್ಪ ಹೇಳಿದ್ನೇನ್ರಿ? ಮೆಹರ್ ಬಾಯಾರು ನಮ್ಮ ಮನಿಗೆ ಬಂದಾಗ ನನ್ನ ಹೆಸರ ಬರಕೊಂಡಿದ್ರು. ಕಣ್ಣಾರೆ ನೋಡೇನ್ರಿ. ಈಗ ಹುಡುಗಿ, ಅಜ್ಜಿ ನಿನ್ನ ಹೆಸರ ಬರದ್ರ ಟೀಚರ್ ಬೈದ್ರು ಅಂತ ಅತ್ಲು. ನನಗ ವಯಸ್ಸಾತು, ಎಲ್ಲೆರ ಮರತು ಸುಳ್ಳ ಹೇಳಿದ್ನೇನೋ ಅಂತ…”

ನನ್ನನ್ನು ಬೈಯಲು ಬಂದವಳಲ್ಲ. ತನ್ನ ನೆನಪೇ ತಪ್ಪಿರಬಹುದು ಎಂದು ಕೇಳಲು ಬಂದಿದ್ದಳು. ಅಕ್ಷರ ಬಾರದ ಹೆಂಗಸು ಅಚ್ಚಾದ ಪುಸ್ತಕದೆದುರು ತನ್ನ ಕಣ್ಣನ್ನೇ ನಂಬದಂತೆ ಮಾಡಿದ್ದೆ ನಾನು. ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಬಿದ್ದುಹೋದವು. “ನೀವು ಖರೇ ಹೇಳೀರಿ, ಅಜ್ಜಿ. ಸುಳ್ಳು ನಂದು” ಎಂದೆ. ಅವಳಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ. ಹುಡುಗಿಗೆ ಸಿಟ್ಟು ಮಾಡಬೇಡಿ ಎಂದಷ್ಟೇ ಹೇಳಿ ಹೋದಳು.

ಆ ಭಾನುವಾರ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನಲ್ಲಿ ನೋಟ್‌ಬುಕ್ಕು ನನ್ನ ತೊಡೆಯ ಮೇಲಿತ್ತು. ನಿನ್ನ ನಲವತ್ತನೆಯ ದಿನದ ಚಾಳೀಸಿನ ನಂತರ ನಿಮ್ಮ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅಬ್ಬಾ ನೇಯುವುದು ಬಿಟ್ಟಿದ್ದಾರೆ, ಕಣ್ಣು ಮಂದವಾಗಿದೆ. ದಸ್ತಗೀರನ ಮಗ್ಗದ ಪಕ್ಕ ಕೂತು ಕೈಯಾಡಿಸುತ್ತ ಎಳೆ ಸುತ್ತುತ್ತಿದ್ದರು. ಮೊದಲೆಲ್ಲ ನನ್ನನ್ನು ಕಂಡರೆ ‘ಬಾ ಬೇಟಾ’ ಎನ್ನುತ್ತಿದ್ದರಲ್ಲ? ಅಂದು “ಬರ್ರಿ, ಕೂಡ್ರಿ” ಎಂದರು. ಅವರಿಗೆ ಮೊದಲೇ ಗೊತ್ತಿತ್ತು ಎಂದು ಆ ‘ರಿ’ ಕೇಳಿದಾಗಲೇ ತಿಳಿಯಿತು. ದಸ್ತಗೀರ ಮಗ್ಗ ನಿಲ್ಲಿಸಿದ. ನನ್ನ ಪುಸ್ತಿಕೆ ಗಜೇಂದ್ರಗಡದ ಶಾಲೆಗೂ ಬಂದಿದೆಯಂತೆ, ಅವನ ಮಗಳೇ ಮನೆಗೆ ತಂದಿದ್ದಳಂತೆ. ಅತ್ತೆಯ ಕೈಬರಹದಲ್ಲಿ ನೋಡಿದ್ದ ಚಿತ್ರಗಳನ್ನು ಅವಳು ಗುರುತಿಸಿದಳಂತೆ. ಒಳಗೆ ಎಲ್ಲಾದರೂ ಅಕ್ಕನ ಹೆಸರು ಇದ್ದೇ ಇರುತ್ತದೆ ಎಂದು ಅವನು ಮೂರು ಸಲ ಮಗುಚಿ ನೋಡಿದನಂತೆ. ಇದನ್ನೆಲ್ಲ ಅವನು ನನ್ನ ಮುಖ ನೋಡದೆ ಹೇಳಿದ.

ನಾನು ಎಲ್ಲ ಹೇಳಿದೆ. ಅರ್ಜಿ, ಸಹಿ, ಅಳಿಸಿದ ಸಾಲುಗಳು, ರೇಣುಕಾಳ ಹಾಳೆ. ಮುಗಿದ ಮೇಲೆ ಅಬ್ಬಾ ಕೇಳಿದರು:

“ಆಕಿ ಬರದಿದ್ದರಾಗ ನನ್ನ ಹೆಸರಿತ್ತೇನ್ರಿ?”

“ಇತ್ತು ಅಬ್ಬಾ. ಮೊದಲ ಪುಟದಾಗ ಇತ್ತು.”

“ನೀವ ತಗದ್ರಿ?”

“ನಾನ ತಗದೆ.”

ಅವರು ಮತ್ತೆ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು. ಹೋಗಲಿ ಬಿಡು ಎನ್ನುತ್ತಾರೇನೋ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ನಾಚಿಕೆಯಿಲ್ಲದ ಆಸೆ ನೋಡು. ಅವರು ಹಾಗೆ ಅನ್ನಲಿಲ್ಲ. ಮಗಳು ಏನು ಬರೆದಿದ್ದಳು ಎಂದು ಓದಿ ಹೇಳಲು ಕೇಳಿದರು. ಮೊದಲ ಪುಟದಿಂದ ಕೊನೆಯವರೆಗೆ, ಕೆಳಗಿನ ಹೆಸರುಗಳ ಸಮೇತ, ಓದಿದೆ. ಕೆಲವು ಹೆಸರು ಕೇಳಿದಾಗ ಅವರು ತಲೆಯಾಡಿಸಿದರು. ಓದಿ ಮುಗಿಸಿದ ಮೇಲೆ ಕೈ ಚಾಚಿದರು. “ಪುಸ್ತಕ ಇಲ್ಲೇ ಇರ್ಲಿ” ಎಂದರು. ಕೆಳಗಿನ ಹೆಸರುಗಳನ್ನಷ್ಟೇ ಬರೆದುಕೊಂಡು ಪುಸ್ತಕ ಕೊಟ್ಟು ಬಂದೆ. ನೀನು ನನ್ನ ಕೈಗೆ ಕೊಟ್ಟದ್ದು ಹೌದು. ಆದರೆ ಅದನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗೆ ಎಲ್ಲಿತ್ತು?

ಹೆಡ್‌ಮಾಸ್ತರರಿಗೆ ವಿಷಯ ತಿಳಿಸಿದಾಗ ಅವರು ಎದ್ದು ಕೋಣೆಯ ಬಾಗಿಲು ಮುಚ್ಚಿದರು. ಮುಂದಿನ ಮುದ್ರಣದಲ್ಲಿ ‘ಸಹಕಾರ’ ಎಂದು ಮೆಹರ್ ಟೀಚರ್ ಹೆಸರು ಸೇರಿಸಿಬಿಡೋಣ, ಅರ್ಜಿ ಗಿರ್ಜಿ ಎಂದು ಶಾಲೆಯ ಹೆಸರು ಕೆಡಿಸುವುದು ಬೇಡ ಎಂದು ಬಹಳ ಹೇಳಿದರು. ಅವರಿಗೆ ನಿವೃತ್ತಿ ಹತ್ತಿರ. ಅವರ ಭಯ ನನಗೆ ಅರ್ಥವಾಗದ್ದೇನಲ್ಲ. ಆದರೆ ಸಹಕಾರ ಕೊಟ್ಟವರು ಯಾರು, ಬರೆದವರು ಯಾರು, ಅಕ್ಕಾ? ನಾನು ಟೈಪ್ ಮಾಡಿದವಳು. ಕಚೇರಿಗೆ ಎರಡು ಪುಟದ ಪತ್ರ ಬರೆದು, ಇದು ನನ್ನ ಸ್ವಂತ ಕೃತಿ ಎಂದು ಮಾಡಿದ ಸಹಿ ಸುಳ್ಳು ಎಂದು ಒಪ್ಪಿಕೊಂಡೆ. ಶಾಲು ಮತ್ತು ಪ್ರಮಾಣಪತ್ರವನ್ನೂ ಜೊತೆಗಿಟ್ಟು ಕಳಿಸಿದೆ. ಶಿಸ್ತುಕ್ರಮ ಯಾಕೆ ಕೈಗೊಳ್ಳಬಾರದು ಎಂದು ನೋಟಿಸು ಬಂತು. ಸ್ಟಾಫ್ ರೂಮಿನಲ್ಲಿ ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಇದೂ ಒಂದು ಹೆಸರು ಮಾಡುವ ದಾರಿ ಎಂದು ಒಬ್ಬರು ಅಂದದ್ದು ಕಿವಿಗೆ ಬಿತ್ತು. ಹಾಗಿರಬಹುದೇ ಎಂದು ನಾನೂ ನನ್ನನ್ನು ಕೇಳಿಕೊಂಡೆ. ಉತ್ತರ ಖಚಿತವಾಗಿ ಗೊತ್ತಿಲ್ಲ.

ತರಗತಿಯಲ್ಲಿ ಹೇಳಿದ ದಿನ ಎಲ್ಲಕ್ಕಿಂತ ಕಷ್ಟವಾಯಿತು. ಪುಸ್ತಿಕೆ ಕೈಯಲ್ಲಿ ಹಿಡಿದು, ರಕ್ಷಾಪುಟದ ಮೇಲಿನ ನನ್ನ ಹೆಸರು ತೋರಿಸಿ, ಇದು ಕಳವು ಎಂದೆ. ಯಾರಿಂದ ಕದ್ದೆ ಎಂದೂ ಹೇಳಿದೆ. ಮಕ್ಕಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೆಲವರು ನೆಲ ನೋಡಿದರು. ರೇಣುಕಾಳ ಹೆಸರು ಹಿಡಿದು, ನೀನು ಮೊದಲು ಬರೆದದ್ದೇ ಸರಿಯಾಗಿತ್ತು, ನಾನು ಹೆದರಿ ನಿನ್ನ ಕೈಯಿಂದ ಆ ಹೆಸರುಗಳನ್ನು ತೆಗೆಸಿದೆ ಎಂದೆ. ಅವಳು ಎದ್ದು ನಿಂತಳು.

“ಹಂಗಾರ ನನ್ನ ಹತ್ತು ಮಾರ್ಕ್ಸ್ ತಗೀರಿ ಟೀಚರ್. ಅದು ಖರೇ ಉತ್ತರಕ್ಕ ಬಂದಿದ್ದಲ್ಲ.”

ತೆಗೆದೆ. ಮರುದಿನ ಅವಳು ಮೂರೂ ಹೆಸರು ಬರೆದ ಹಾಳೆ ತಂದಳು. ಈ ಸಲ ನನ್ನ ಹೆಸರಿನ ಮುಂದೆ ‘ಟೈಪ್ ಮಾಡಿದವರು’ ಎಂದು ಬರೆದಿದ್ದಳು. ಹತ್ತು ಅಂಕ ಕೊಟ್ಟೆ. ಅವಳು ನಗಲಿಲ್ಲ. ಮೊದಲಿನಂತೆ ಸಂಶಯ ಕೇಳಲು ಮೇಜಿನ ಹತ್ತಿರ ಬರುವುದನ್ನೂ ಇನ್ನೂ ಶುರು ಮಾಡಿಲ್ಲ. ಬರುತ್ತಾಳೋ ಇಲ್ಲವೋ…

ಹೋದ ತಿಂಗಳು ನರೇಗಲ್ ಸಂತೆಗೆ ಹೋಗಿದ್ದೆ. ನಿನ್ನ ಪುಸ್ತಕ ಮತ್ತೆ ಅಚ್ಚಾದರೆ ಕೆಳಗಿನ ಹೆಸರುಗಳೂ ಬರಬೇಕು, ಅದಕ್ಕೆ ಅವರನ್ನು ಕೇಳಬೇಕಲ್ಲ. ಬಳೆಗಾರ ನಿನ್ನನ್ನು ಮರೆತಿರಲಿಲ್ಲ. ಬಳೆಯ ಸುತ್ತಳತೆ ಕೇಳಿಕೊಂಡು ಅರ್ಧ ದಿನ ಅಂಗಡಿ ಮುಂದೆ ಕೂತಿದ್ದೆಯಂತೆ. ಆದರೆ ತನ್ನ ಹೆಸರು ಬೇಡ ಎಂದ. ಅಚ್ಚಿನ ಗೊಡವೆ ತನಗೆ ಬೇಡವಂತೆ. ಸರಿ, ‘ಹೆಸರು ಬೇಡವೆಂದ ಒಬ್ಬ ಬಳೆಗಾರ’ ಎಂದು ಬರೆದುಕೊಳ್ಳಲೇ ಎಂದು ಕೇಳಿದೆ. ಅದಕ್ಕೆ ಒಪ್ಪಿದ. ನಿನ್ನ ಪಟ್ಟಿಯಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಅವರ ಮನೆಯವರನ್ನು ಕಂಡು ಬಂದೆ. ಒಬ್ಬರ ಗುರುತು ಸಿಕ್ಕಿಲ್ಲ. ಇನ್ನೂ ಹುಡುಕುತ್ತಿದ್ದೇನೆ. ಪುಸ್ತಕ ಅಚ್ಚಾಗುತ್ತದೋ ಇಲ್ಲವೋ ಗೊತ್ತಿಲ್ಲ. ಅದನ್ನು ತೀರ್ಮಾನಿಸಬೇಕಾದವರು ನಿಮ್ಮ ಮನೆಯವರು, ನಾನಲ್ಲ. ಈಗ ಹಳೆಯ ಪ್ರತಿಗಳನ್ನು ಶಾಲೆಗಳಿಂದ ವಾಪಸು ತರಿಸುತ್ತಿದ್ದಾರೆ. ಅಲ್ಲಿಯವರೆಗೆ ಮಕ್ಕಳು ಆ ಪಾಠಗಳಿಲ್ಲದೆ ಇರಬೇಕು. ಮಧ್ಯೆ ಬಿಡಬೇಡ ಎಂದಿದ್ದೆ ನೀನು. ಬಿಡುವಂತೆ ಮಾಡಿದವಳೂ ನಾನೇ.

ನಾಳೆ ಗದಗಿನಲ್ಲಿ ವಿಚಾರಣೆ ಇದೆ, ಅಕ್ಕಾ. ಏನಾಗುತ್ತದೋ ತಿಳಿಯದು. ಬಡ್ತಿ ತಡೆಯಬಹುದು, ದೂರದ ಊರಿಗೆ ಹಾಕಬಹುದು. ಏನೇ ಹೇಳಿದರೂ ಎದುರು ಮಾತಾಡುವುದಿಲ್ಲ ಎಂದು ನಿನಗೆ ಮಾತು ಕೊಡುತ್ತೇನೆ. ನಿನ್ನೆ ಸಂಜೆ ದಸ್ತಗೀರನ ಫೋನು ಬಂತು. ಅವನೇ ಮಾತಾಡುತ್ತಾನೆ ಎಂದುಕೊಂಡರೆ ಅಬ್ಬಾನ ದನಿ. ವಿಚಾರಣೆ ಎಷ್ಟು ಗಂಟೆಗೆ, ಹೊರಗಿನವರನ್ನು ಒಳಗೆ ಬಿಡುತ್ತಾರೋ ಎಂದು ಕೇಳಿದರು. ನೀವು ಯಾಕೆ ಬರುತ್ತೀರಿ ಅಬ್ಬಾ, ಕಣ್ಣು ಕಾಣುವುದಿಲ್ಲ, ಅಷ್ಟು ದೂರ ಎಂದೆ.

“ನಿಮ್ಮ ಸಲುವಾಗಿ ಬರಾಕತ್ತಿಲ್ರಿ ನಾ” ಎಂದರು. “ಸಾಹೇಬ್ರ ಮುಂದ ಮೆಹರ್ ಹೆಸರ ಹೇಳೂ ಹೊತ್ತಿನ್ಯಾಗ ಆಕಿ ಮಂದಿ ಒಬ್ರರ ಅಲ್ಲಿ ಇರಬೇಕು.”

ಬೆಳಿಗ್ಗೆ ದಸ್ತಗೀರ ಅವರನ್ನು ರೋಣದ ಬಸ್ ನಿಲ್ದಾಣಕ್ಕೆ ತಂದು ಬಿಟ್ಟು ಮಗ್ಗಕ್ಕೆ ಮರಳುತ್ತಾನೆ. ಅಲ್ಲಿಂದ ಗದಗಿನವರೆಗೆ ಅವರ ಕೈ ಹಿಡಿದು ಕರೆದುಕೊಂಡು ಹೋಗಬೇಕಾದವಳು ನಾನು. ದಾರಿಯಲ್ಲಿ ಅವರು ನನ್ನ ಜೊತೆ ಮಾತಾಡದಿದ್ದರೂ ಸರಿ, ಜೋಪಾನವಾಗಿ ಕರೆದುಕೊಂಡು ಹೋಗುತ್ತೇನೆ, ಜೋಪಾನವಾಗಿ ಮನೆ ಮುಟ್ಟಿಸುತ್ತೇನೆ.

ನಿನ್ನ,
ಲೀಲಾ